ಬ್ರಷ್ಷಿನ ಕೂದಲಿಗೆ ದರ್ಜೆ ಹಚ್ಚುವ ಮೊದಲು ನಿಮ್ಮ ನಲ್ಲಿಯ ನೀರು ನೋಡಿ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಶೇವಿಂಗ್ ಬ್ರಷ್ ಆರಿಸುವುದರ ಬಗ್ಗೆ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಡಬ್ಬಿ ಒತ್ತಿದರೆ ನೊರೆ ಉಕ್ಕುವ ಈ ಕಾಲದಲ್ಲಿ ಬ್ರಷ್ಷಿಗಾಗಿ ಪತ್ರಿಕೆ ಅರ್ಧ ಪುಟ ಬಿಟ್ಟುಕೊಟ್ಟಿದ್ದು ಸಂತೋಷವೇ. ಆದರೆ ಲೇಖನ ಕೊಟ್ಟ ಶ್ರೇಯಾಂಕ ಪಟ್ಟಿಯ ಬಗ್ಗೆ ತಕರಾರಿದೆ. ಬ್ಯಾಡ್ಜರ್ ಎಂಬ ಕಾಡುಪ್ರಾಣಿಯ ಕೂದಲು ಮೊದಲು, ಹಂದಿಯದು ಎರಡನೆಯದು, ಕುದುರೆಯದು ಮೂರನೆಯದು, ಕೃತಕ ಎಳೆ ಕೊನೆಗೆ ಎಂಬ ಈ ಸಾಲು ತಣ್ಣನೆಯ ದೇಶಗಳ ಅಂಗಡಿಗಳಲ್ಲಿ, ನೈಲಾನ್ ಇನ್ನೂ ಒರಟಾಗಿದ್ದ ಕಾಲದಲ್ಲಿ ಹುಟ್ಟಿದ್ದು. ಅದನ್ನು ಹಾಗೇ ತಂದು ತುಮಕೂರಿನ ಬೋರ್‌ವೆಲ್ ನೀರಿಗೂ ಮಂಗಳೂರಿನ ಮಳೆಗಾಲಕ್ಕೂ ಹೊಂದಿಸಿದರೆ ಓದುಗರ ದುಡ್ಡು ಹಾಳು. ಎಲ್ಲ ಬ್ರಷ್ಷನ್ನೂ ಚೆನ್ನಾಗಿ ಕಾದ ನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕೆಂಬ ಸಲಹೆಯಂತೂ ಒಳ್ಳೆಯ ಬ್ರಷ್ಷನ್ನು ಬೇಗ ಕೆಡಿಸುವ ದಾರಿ.

ಬ್ರಷ್ಷಿಗೆ ಇರುವ ಕೆಲಸ ಮೂರು. ನೀರನ್ನು ಮುಖಕ್ಕೆ ಒಯ್ಯಬೇಕು, ಸೋಪಿನೊಳಗೆ ನೀರನ್ನೂ ಗಾಳಿಯನ್ನೂ ಸೇರಿಸಿ ನೊರೆ ಕಟ್ಟಬೇಕು, ಚರ್ಮಕ್ಕೆ ಅಂಟಿ ಮಲಗಿದ ಗಡ್ಡವನ್ನು ಎಬ್ಬಿಸಿ ಬುಡದವರೆಗೆ ನೆನೆಸಬೇಕು. ಗಡ್ಡದ ಕೂದಲು ಸರಿಯಾಗಿ ನೀರು ಕುಡಿದು ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು. ಒಣ ಗಡ್ಡಕ್ಕಿಂತ ನೆಂದ ಗಡ್ಡ ಬ್ಲೇಡಿಗೆ ಎಷ್ಟೋ ಸಲೀಸು. ಹೀಗಾಗಿ ಬ್ರಷ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ಈ ಕೂದಲು ನೀರನ್ನು ಏನು ಮಾಡುತ್ತದೆ? ಕುಡಿಯುತ್ತದೆಯೋ, ಎಳೆಗಳ ನಡುವೆ ಹಿಡಿದಿಟ್ಟುಕೊಳ್ಳುತ್ತದೆಯೋ, ಬಿಟ್ಟುಕೊಡುತ್ತದೆಯೋ? ಬೆಲೆ, ಮೆದುತನ, ಬಾಳಿಕೆ, ವಾಸನೆ ಎಲ್ಲವೂ ಇದರ ಹಿಂದೆಯೇ ಬರುತ್ತವೆ.

ಹಂದಿಯ ಬಿರುಗೂದಲಿನಿಂದ ಶುರು ಮಾಡೋಣ. ನಮ್ಮಲ್ಲಿ ಪ್ರಾಣಿಕೂದಲಿನ ಬ್ರಷ್ ಎಂದು ಮಾರಾಟವಾಗುವುದರಲ್ಲಿ ಹೆಚ್ಚಿನದು ಇದೇ. ಕಾನ್ಪುರ ಬಹುಕಾಲದಿಂದ ಹಂದಿಗೂದಲಿನ ದೊಡ್ಡ ಮಾರುಕಟ್ಟೆ. ಈ ಕೂದಲು ದಪ್ಪ, ಬುಡದಲ್ಲಿ ಗಟ್ಟಿ, ತುದಿ ಮಾತ್ರ ಸಣ್ಣ. ನೀರನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ, ನೆಂದಾಗ ಮೆತ್ತಗಾಗುತ್ತದೆ. ನೆನೆಸದೆ ಬಳಸಿದರೆ ಮುಖಕ್ಕೆ ಪೊರಕೆ ಉಜ್ಜಿದ ಹಾಗಿರುತ್ತದೆ, ಸಾಲದ್ದಕ್ಕೆ ನೊರೆಯ ನೀರನ್ನೂ ಅದೇ ಕುಡಿದುಬಿಡುತ್ತದೆ. ಕೆನ್ನೆಯ ಮೇಲಿದ್ದ ನೊರೆ ಅರ್ಧದಲ್ಲೇ ಒಣಗಿತು ಎಂದು ಸೋಪನ್ನು ಬೈಯುವವರು ಬಹಳ ಜನ. ತಪ್ಪು ಸೋಪಿನದಲ್ಲ, ಬಾಯಾರಿದ ಬ್ರಷ್ಷಿನದು.

ಇದಕ್ಕೆ ನೆನೆಸುವ ಹದ ಹೀಗೆ. ಒಂದು ಲೋಟದಲ್ಲಿ ಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿಯ, ಅಂದರೆ 40ರಿಂದ 45 ಡಿಗ್ರಿ ಸೆಲ್ಸಿಯಸ್ ನೀರು. ಅದರಲ್ಲಿ ಕೂದಲಷ್ಟೇ ಮುಳುಗುವಂತೆ 3ರಿಂದ 5 ನಿಮಿಷ ಇಡಬೇಕು. ಹಿಡಿ ನೀರಿಗೆ ಇಳಿಯಬಾರದು, ಅದರಲ್ಲೂ ಮರದ ಹಿಡಿಯಾದರೆ ಖಂಡಿತ ಕೂಡದು. ಮರ ಉಬ್ಬಿ, ಒಣಗಿ, ಮತ್ತೆ ಉಬ್ಬಿ ಕೊನೆಗೆ ಕುಚ್ಚು ಕೂತ ಕುಳಿಯ ಅಂಚಿನಿಂದ ಸೀಳುತ್ತದೆ. ಸ್ನಾನಕ್ಕೆ ಹೋಗುವಾಗ ನೆನೆಯಲು ಇಟ್ಟು ಬಂದರೆ ಸಮಯ ಲೆಕ್ಕ ಹಾಕುವ ಗೋಜೇ ಇಲ್ಲ. ಕುದಿಯುವ ನೀರು ಎರಡು ಕಡೆ ಪೆಟ್ಟು ಕೊಡುತ್ತದೆ. ಕೂದಲು ತನ್ನ ಪುಟಿತ ಕಳೆದುಕೊಂಡು ಸೆಟೆದು ಒರಟಾಗುತ್ತದೆ, ಕುಚ್ಚನ್ನು ಹಿಡಿದಿಟ್ಟ ಅಂಟು ಸಡಿಲವಾಗುತ್ತದೆ. ಆರು ತಿಂಗಳಲ್ಲಿ ಕುಚ್ಚು ಇಡಿಯಾಗಿ ಕಿತ್ತು ಕೈಗೆ ಬಂದರೆ ಹೆಚ್ಚಿನ ಸಲ ಕಾರಣ ಇದೇ.

ಹೊಸ ಹಂದಿಗೂದಲಿನ ಬ್ರಷ್ಷನ್ನು ಮೊದಲ ವಾರ ನೋಡಿ ತೀರ್ಪು ಕೊಡಬಾರದು. ಮೊದಲಿಗೆ ಅದು ವಾಸನೆ ಬರುತ್ತದೆ, ಚುಚ್ಚುತ್ತದೆ, ನೊರೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೊಡುವುದಿಲ್ಲ. ನೆನೆದು, ಒಣಗಿ, ಮತ್ತೆ ನೆನೆಯುತ್ತ ಒಂದೊಂದು ಕೂದಲಿನ ತುದಿಯೂ ಎರಡು ಮೂರು ಕವಲಾಗಿ ಸೀಳುತ್ತದೆ. ತಲೆಗೂದಲು ಹೀಗೆ ಸೀಳಿದರೆ ಎಣ್ಣೆ ಹುಡುಕುತ್ತೇವೆ, ಬ್ರಷ್ಷಿನಲ್ಲಿ ಅದೇ ಸೀಳು ವರ. ತುದಿಗಳ ಸಂಖ್ಯೆ ಹೆಚ್ಚಿ ಮೇಲುಭಾಗ ಮೆತ್ತಗಾಗುತ್ತದೆ, ನಡುವಿನ ಬಿಗಿ ಹಾಗೇ ಉಳಿಯುತ್ತದೆ. ಇದಕ್ಕೆ 20ರಿಂದ 30 ಶೇವ್ ಹಿಡಿಯುತ್ತದೆ. ಬೇಗ ಆಗಲಿ ಎಂದರೆ ಕೊಂಡ ದಿನ ಸ್ವಲ್ಪ ಶಾಂಪೂ ಹಾಕಿ ತೊಳೆದು, ಮುಂದಿನ ಒಂದು ವಾರ ದಿನಕ್ಕೊಮ್ಮೆ ಅಂಗೈಯಲ್ಲೇ ನೊರೆ ಮಾಡಿ, ಅರ್ಧ ಗಂಟೆ ಹಾಗೇ ಬಿಟ್ಟು, ತೊಳೆದು, ಪೂರ್ತಿ ಒಣಗಿಸಬೇಕು. ಈ ‘ಪೂರ್ತಿ’ ಎಂಬ ಮಾತು ಮುಖ್ಯ, ಒಣಗದೆ ತುದಿ ಸೀಳುವುದಿಲ್ಲ. ಚುಚ್ಚುತ್ತದೆಂದು ಕತ್ತರಿಯಿಂದ ತುದಿ ಸಮ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಸಣ್ಣ ತುದಿ ಹೋಗಿ ಮೊಂಡು ಕಡ್ಡಿ ಉಳಿಯುತ್ತದೆ. ಅದಕ್ಕೆ ಮದ್ದಿಲ್ಲ.

ಪಳಗಿದ ಹಂದಿಗೂದಲಿನ ಬ್ರಷ್ ಗಟ್ಟಿ ಸೋಪಿಗೆ ಹೇಳಿ ಮಾಡಿಸಿದ್ದು. ಬಟ್ಟಲಿನ ಸೋಪನ್ನು ಕೆರೆದು ತರುವ ಬಲ ಅದಕ್ಕಿದೆ. ದಟ್ಟ, ಗಡುಸು ಗಡ್ಡದವರಿಗೆ ಇದರಷ್ಟು ಕೆಲಸ ಮಾಡುವ ಕೂದಲು ಈ ಬೆಲೆಗೆ ಇನ್ನೊಂದಿಲ್ಲ. ಇಟಲಿಯ ಬೊಲೊನ್ಯಾದಲ್ಲಿ 1931ರಿಂದ ಬ್ರಷ್ ಮಾಡುತ್ತಿರುವ ಒಮೆಗಾ ಕಂಪನಿ ಹೆಸರಾದದ್ದೇ ಹಂದಿಗೂದಲಿನಿಂದ. ಎಂದ ಮೇಲೆ ಇದನ್ನು ‘ಬಡವರ ಬ್ಯಾಡ್ಜರ್’ ಎಂದು ಲೇಖಕರು ಕರೆದದ್ದು ಅನ್ಯಾಯ.

ಇನ್ನು ಬ್ಯಾಡ್ಜರ್. ಬಿಲ ತೋಡಿ ಬದುಕುವ ಈ ಪ್ರಾಣಿ ನಮ್ಮ ತರಕರಡಿಯ ಬಳಗದ್ದು. ಬ್ರಷ್ಷಿಗೂ ಇದಕ್ಕೂ ನಂಟು ಎಷ್ಟು ಹಳೆಯದೆಂದರೆ, ಫ್ರೆಂಚ್ ಭಾಷೆಯಲ್ಲಿ ಪ್ರಾಣಿಗೂ ಶೇವಿಂಗ್ ಬ್ರಷ್ಷಿಗೂ ‘ಬ್ಲೇರೊ’ ಎಂಬ ಒಂದೇ ಹೆಸರು. ಇದರ ಕೂದಲು ತುದಿಗೆ ಹೋದಂತೆ ಸೂಜಿಯ ಹಾಗೆ ಸಣ್ಣಗಾಗುತ್ತದೆ, ನಡುವಿನ ಕಪ್ಪು ಪಟ್ಟಿಯ ಜಾಗದಲ್ಲಿ ದಪ್ಪ. ನೀರನ್ನು ಹಂದಿಗೂದಲಿನಷ್ಟು ಕುಡಿಯುವುದಿಲ್ಲ, ಎಳೆಗಳ ನಡುವೆ ಸಾಕಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಅರ್ಧ ನಿಮಿಷ ಅದ್ದಿದರೆ ಸಾಕು. ಹೆಚ್ಚು ನೆನೆಸಿದರೆ ಲಾಭವಿಲ್ಲ, ಮೊಣಕೈವರೆಗೆ ನೀರು ಹರಿಯುತ್ತದೆ ಅಷ್ಟೆ.

‘ಪ್ಯೂರ್’, ‘ಬೆಸ್ಟ್’, ‘ಸೂಪರ್’, ‘ಸಿಲ್ವರ್‌ಟಿಪ್’ ಎಂಬ ದರ್ಜೆಗಳನ್ನು ಲೇಖನ ಸರ್ಕಾರಿ ಮುದ್ರೆಯಂತೆ ಹೇಳಿದೆ. ಇವಕ್ಕೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಪ್ಯೂರ್ ಎಂದರೆ ಪ್ರಾಣಿಯ ಮೈಯ ಹೆಚ್ಚಿನ ಭಾಗದಲ್ಲಿ ಸಿಗುವ, ತುದಿ ಕತ್ತರಿಸಿ ಸಮ ಮಾಡಿದ ಗಾಢ ಬಣ್ಣದ ಕೂದಲು. ಅದು ಚುಚ್ಚುತ್ತದೆ. ಸಿಲ್ವರ್‌ಟಿಪ್ ಎಂದರೆ ತುದಿ ಸಹಜವಾಗಿ ಬಿಳಿಯಿರುವ, ಕತ್ತರಿ ಮುಟ್ಟಿಸದ ಕೂದಲು. ಆದರೆ ಒಬ್ಬ ತಯಾರಕರ ಬೆಸ್ಟ್ ಇನ್ನೊಬ್ಬರ ಸೂಪರ್ ಆಗಿರಬಹುದು. ಬಿಳುಪು ಮಾಡಿದ ತುದಿಯನ್ನೇ ಬೆಳ್ಳಿ ತುದಿ ಎಂದು ಮಾರುವುದೂ ಇದೆ. ‘ಶುದ್ಧ’ ಎಂಬ ಹೆಸರಿನದೇ ಎಲ್ಲಕ್ಕಿಂತ ಕೆಳಗಿನ ದರ್ಜೆ ಎಂಬುದು ಈ ವ್ಯಾಪಾರದ ಕುಚೋದ್ಯ. ಹೆಸರು ಓದಿ ಮೋಸಹೋಗುವವರು ಹೆಚ್ಚು ಅಲ್ಲೇ.

ಬ್ಯಾಡ್ಜರ್ ಕೂದಲು ಮೃದು ಎನ್ನುವುದರಲ್ಲಿ ಎರಡು ಮಾತಿಲ್ಲ. ಕ್ರೀಮಿನ ಜೊತೆ, ನಾಜೂಕು ಚರ್ಮಕ್ಕೆ ಅದರ ಸುಖವೇ ಬೇರೆ. ಆದರೆ ಈ ಕೂದಲು ಮುಖ್ಯವಾಗಿ ಬರುವುದು ಚೀನಾದಿಂದ, ಕತ್ತರಿಸಿಕೊಂಡು ಪ್ರಾಣಿಯನ್ನು ಬಿಟ್ಟುಬಿಡುವ ಕುರಿ ಉಣ್ಣೆಯ ಲೆಕ್ಕ ಇದಲ್ಲ. ಚೀನಾದ ಬ್ಯಾಡ್ಜರ್ ಸಾಕಣೆಯ ಕ್ರೌರ್ಯದ ದೃಶ್ಯಗಳನ್ನು ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೇಟಾ ಸಂಸ್ಥೆ 2018ರಲ್ಲಿ ಹೊರಗೆ ಹಾಕಿತು. ಬ್ರಿಟನ್ ತನ್ನ ನೆಲದ ಬ್ಯಾಡ್ಜರ್‌ಗಳಿಗೆ 1992ರ ಕಾಯ್ದೆಯಿಂದ ರಕ್ಷಣೆ ಕೊಟ್ಟಿದೆ. ಬ್ರಷ್ಷಿನ ಕೂದಲು ಮಾತ್ರ ಹೊರಗಿನಿಂದ ಬರುತ್ತಲೇ ಇದೆ. ಕೊಳ್ಳುವುದು ಬಿಡುವುದು ಓದುಗರಿಗೆ ಸೇರಿದ್ದು. ಮಾಹಿತಿ ಲೇಖನದಲ್ಲಿ ಇರಬೇಕಿತ್ತು.

ನಮ್ಮ ನೆಲದ ಒಂದು ಎಚ್ಚರಿಕೆಯೂ ಇಲ್ಲೇ ಸೇರಬೇಕು. ಮುಂಗುಸಿಯ ಕೂದಲಿನಿಂದ ಮಾಡಿದ ಬ್ರಷ್ಷುಗಳು, ಹೆಚ್ಚಾಗಿ ಚಿತ್ರ ಬಿಡಿಸುವವು, ಕದ್ದುಮುಚ್ಚಿ ಮಾರಾಟವಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿಯನ್ನು ಕೊಲ್ಲುವುದೂ ಅದರ ಕೂದಲಿನ ವ್ಯಾಪಾರವೂ ಅಪರಾಧ. ಯಾವ ಪ್ರಾಣಿಯದೆಂದು ಹೇಳದೆ ‘ಕಾಡುಪ್ರಾಣಿಯ ಅಪರೂಪದ ಕೂದಲು’ ಎಂದು ಯಾರಾದರೂ ಬ್ರಷ್ ತೋರಿಸಿದರೆ, ಅದು ಯಾವ ಬಗೆಯದೇ ಇರಲಿ, ಮುಟ್ಟದೆ ಬರುವುದು ಲೇಸು.

ಕುದುರೆ ಕೂದಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮ ಅಂಗಡಿಗಳಲ್ಲಿ ಅದು ಸಿಗುವುದೇ ಕಡಿಮೆ. ಸ್ಪೇನಿನಲ್ಲಿ ಇದರ ಬಳಕೆ ಇದೆ. ಕೇಸರದ ಮೃದು ಕೂದಲನ್ನೂ ಬಾಲದ ಗಡುಸು ಕೂದಲನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುತ್ತಾರೆ. ಬಾಲದ ಪಾಲು ಹೆಚ್ಚಿದಷ್ಟೂ ಬ್ರಷ್ ಬಿಗಿ. ಕುದುರೆಯನ್ನು ಕೊಲ್ಲದೆ, ಬಾಲ ಕೇಸರ ಓರಣ ಮಾಡುವಾಗ ಸಿಗುವ ಕೂದಲಿದು ಎಂಬುದು ಇದರ ದೊಡ್ಡ ಗುಣ. ಒಂದೇ ದಿಕ್ಕಿಗೆ ಗರಗರ ತಿರುಗಿಸಿದರೆ ತುದಿಗಳು ಸಿಕ್ಕಾಗುವುದು ದೋಷ. ಸುಣ್ಣ ಬಳಿಯುವ ಹಾಗೆ ಆ ಕಡೆ ಈ ಕಡೆ ಆಡಿಸಿದರೆ ಸಿಕ್ಕಾಗದು.

ಕುದುರೆ ಕೂದಲಿನ ಹಿಂದೆ ಒಂದು ಕರಾಳ ಕಥೆಯೂ ಇದೆ. ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿಯ ಮೂಲಕ ಬರುತ್ತಿದ್ದ ಬ್ಯಾಡ್ಜರ್ ಕೂದಲಿನ ದಾರಿ ಮುಚ್ಚಿತು. ಅದರ ಬದಲು ಚೀನಾ, ಸೈಬೀರಿಯ ಕಡೆಯ ಕುದುರೆ ಕೂದಲನ್ನು ಬ್ಯಾಡ್ಜರ್‌ನಂತೆ ಕಾಣುವ ಹಾಗೆ ಮಾಡಿ ಬ್ರಷ್ ಕಟ್ಟಿದರು. ಸರಿಯಾಗಿ ಸೋಂಕು ಕಳೆಯದ ಆ ಕೂದಲಿನಲ್ಲಿ ದನಕರುಗಳಿಗೆ ಬರುವ ನೆರಡಿ, ಅಂದರೆ ಆಂಥ್ರಾಕ್ಸ್ ರೋಗದ ಬೀಜಾಣುಗಳಿದ್ದವು. ಬ್ಲೇಡು ತಾಗಿ ಗೀರಾದ ಮುಖಕ್ಕೆ ಅವು ಇಳಿದು ನೂರಕ್ಕೂ ಹೆಚ್ಚು ಅಮೆರಿಕನ್ ಮತ್ತು ಬ್ರಿಟಿಷ್ ಸೈನಿಕರು ರೋಗಕ್ಕೆ ತುತ್ತಾದರು, ಸಾವುಗಳೂ ಆದವು. ಈಗ ಹೆಸರುಳ್ಳ ತಯಾರಕರು ಕೂದಲನ್ನು ಸೋಂಕುರಹಿತ ಮಾಡಿಯೇ ಬಳಸುತ್ತಾರೆ, ಹೆದರಬೇಕಿಲ್ಲ. ಆದರೆ ಗುಜರಿ ಸಂತೆಯಲ್ಲಿ ಸಿಕ್ಕ ಆ ಕಾಲದ ಬ್ರಷ್ಷನ್ನು ಕಪಾಟಿನಲ್ಲಿ ಇಟ್ಟು ನೋಡಿ, ಮುಖಕ್ಕೆ ಹಚ್ಚಬೇಡಿ. ಹಳೆಯ ಹಿಡಿ ಅಷ್ಟು ಚೆಂದವಿದ್ದರೆ ಒಳಗಿನ ಕೂದಲು ತೆಗೆಸಿ ಹೊಸ ಕುಚ್ಚು ಕೂರಿಸುವ ಆಸೆಯೂ ಬೇಡ, ಕೂದಲು ಕೀಳುವಾಗಲೇ ದೂಳು ಏಳುತ್ತದೆ.

ಲೇಖನ ಕೊನೆಗೆ ತಳ್ಳಿದ ಕೃತಕ ಎಳೆಗೆ ಈಗ ಬರೋಣ. ನೈಲಾನ್ ಮೊದಲು ಮಾರುಕಟ್ಟೆಗೆ ಬಂದದ್ದೇ 1938ರಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಅಲ್ಲಿಯವರೆಗೆ ಹಲ್ಲಿಗೂ ಹಂದಿಗೂದಲೇ ಗತಿಯಾಗಿತ್ತು. ಶೇವಿಂಗ್ ಬ್ರಷ್ಷಿಗೆ ಬಂದ ಹಳೆಯ ನೈಲಾನ್ ಎಳೆಗಳು ಬುಡದಿಂದ ತುದಿಯವರೆಗೆ ಒಂದೇ ದಪ್ಪ, ತುದಿ ಕತ್ತರಿಸಿದ ತಂತಿಯ ಹಾಗೆ ಮೊಂಡು. ನೀರನ್ನು ಹಿಡಿಯವು, ಮುಖ ಕೆರೆಯುತ್ತವೆ. ಕಿರಾಣಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ತೂಗುವ ಅಗ್ಗದ ಬ್ರಷ್ಷುಗಳಲ್ಲಿ ಈಗಲೂ ಇಂಥವೇ ಹೆಚ್ಚು. ಕೃತಕ ಎಂದರೆ ಕಳಪೆ ಎಂಬ ಹೆಸರು ಅಂಟಿದ್ದು ಇವುಗಳಿಂದ.

ಈಗಿನ ಒಳ್ಳೆಯ ಕೃತಕ ಬ್ರಷ್ಷುಗಳಲ್ಲಿರುವುದು ಬೇರೆ ಸರಕು. ಪಿಬಿಟಿ ಎಂಬ ಪಾಲಿಯೆಸ್ಟರ್ ಜಾತಿಯ ಎಳೆಯ ತುದಿಯನ್ನು ಕ್ಷಾರದ ದ್ರಾವಣದಲ್ಲಿ ಕರಗಿಸಿ ಸೂಜಿಯಂತೆ ಸಣ್ಣ ಮಾಡುತ್ತಾರೆ. ಬ್ಯಾಡ್ಜರ್ ಕೂದಲಿನ ಆಕಾರದ ನಕಲು ಇದು. ಎಳೆ ತಾನಾಗಿ ನೀರು ಕುಡಿಯುವುದಿಲ್ಲ, ಒತ್ತಾಗಿ ಕೂತ ಎಳೆಗಳ ಸಂದಿನಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ನೆನೆಸುವ ಕೆಲಸವಿಲ್ಲ, ಅದ್ದಿ, ಒಮ್ಮೆ ಒದರಿ ಶುರು ಮಾಡಬಹುದು. ಪಳಗಿಸುವ ಹಂಗೂ ಇಲ್ಲ, ಮೊದಲ ದಿನ ಹೇಗೋ ನೂರನೆಯ ದಿನವೂ ಹಾಗೆ. ನೊರೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳದ ಕಾರಣ ಸೋಪು ಕ್ರೀಮು ಕಡಿಮೆ ಸಾಕು. ಪ್ರಾಣಿಕೂದಲಿಗೆ ಕಡಲೆಕಾಯಿ ಬೀಜದಷ್ಟು ಕ್ರೀಮು ಬೇಕಾದರೆ ಇದಕ್ಕೆ ತೊಗರಿಬೇಳೆ ಗಾತ್ರಕ್ಕಿಂತ ತುಸು ಹೆಚ್ಚಿದ್ದರೆ ಆಯಿತು.

ದೋಷಗಳಿಲ್ಲ ಎಂದಲ್ಲ. ನೀರು ಹೆಚ್ಚಾದರೆ ಪಟ್ಟನೆ ಚೆಲ್ಲಿಬಿಡುತ್ತದೆ, ನೊರೆ ಗುಳ್ಳೆ ಗುಳ್ಳೆಯಾಗುತ್ತದೆ. ಹಂದಿಗೂದಲಿನಿಂದ ಇದಕ್ಕೆ ಬದಲಾದವರು ಹಳೆಯ ಅಭ್ಯಾಸದಲ್ಲಿ ನೀರು ಸುರಿದು, ‘ನೊರೆ ನಿಲ್ಲುವುದೇ ಇಲ್ಲ’ ಎನ್ನುತ್ತಾರೆ. ಕೆಲವು ಎಳೆಗಳಿಗೆ ಸ್ಪ್ರಿಂಗಿನಂತೆ ಪುಟಿಯುವ ಗುಣವಿದ್ದು ನೊರೆ ಕನ್ನಡಿಗೆ ಸಿಡಿಯುತ್ತದೆ. ಬಿಸಿಯನ್ನು ಕೂದಲಿನಷ್ಟು ಹೊತ್ತು ಹಿಡಿದಿಡುವುದಿಲ್ಲ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಬಿಸಿ ನೊರೆ ಬೇಕೆನ್ನುವವರಿಗೆ ಇದು ಕೊರತೆಯೇ.

ನೀರಿನ ಮಾತಿಗೆ ಬಂದರೆ ನಮ್ಮ ರಾಜ್ಯದಲ್ಲೇ ಎರಡು ಲೋಕಗಳಿವೆ. ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರು ಕಡೆಯ ಕೊಳವೆಬಾವಿ ನೀರು ಗಡಸು. ಬೆಂಗಳೂರಿನಲ್ಲೂ ಕಾವೇರಿ ನೀರು ಬರುವ ಬೀದಿಯ ನೊರೆಗೂ ಟ್ಯಾಂಕರ್ ನೀರಿನ ಬೀದಿಯ ನೊರೆಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದೊಂದಿಗೆ ಕೂಡಿ ನೀರಿನಲ್ಲಿ ಕರಗದ ಬೂದು ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಗಸಿಯೇ ಬ್ರಷ್ಷಿನ ಬುಡದಲ್ಲೂ ಕಟ್ಟುತ್ತದೆ. ಬುಡ ಗಟ್ಟಿಯಾಗಿ ಕೂದಲು ಹೊರಕ್ಕೆ ಬಾಗುತ್ತವೆ, ಕುಚ್ಚು ಅರಳಿದ ಹೂವಿನಂತಾಗುತ್ತದೆ, ಆಮೇಲೆ ಗಸಿ ಕಟ್ಟಿದ ಜಾಗದಲ್ಲೇ ಮುರಿಯುತ್ತವೆ. ಬುಡದಿಂದ ಕಿತ್ತು ಬಂದ ಕೂದಲಿಗೂ ಮಧ್ಯೆ ಮುರಿದ ಕೂದಲಿಗೂ ಉದ್ದದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಪೂರ್ತಿ ಉದ್ದದವು ಉದುರುತ್ತಿದ್ದರೆ ಅಂಟಿನ ದೋಷ, ತುಂಡುಗಳು ಉದುರುತ್ತಿದ್ದರೆ ಗಸಿಯ ಇಲ್ಲವೇ ಒತ್ತಿ ತಿಕ್ಕುವ ಕೈಯ ದೋಷ.

ಗಡಸು ನೀರಿನ ಊರಿನಲ್ಲಿ ಕೃತಕ ಎಳೆ ಸುಲಭ. ನಯವಾದ ಎಳೆಗೆ ಗಸಿ ಅಷ್ಟಾಗಿ ಹಿಡಿಯುವುದಿಲ್ಲ, ಹಿಡಿದರೂ ಬಿಡಿಸುವುದು ಕಷ್ಟವಲ್ಲ. ಪ್ರಾಣಿಕೂದಲೇ ಬೇಕೆಂದರೆ ಶೇವ್ ಮಾಡುವುದಕ್ಕೆ ಮಾತ್ರ ಒಂದು ಲೋಟ ಆರ್‌ಒ ಅಥವಾ ಹಿಡಿದಿಟ್ಟ ಮಳೆನೀರು ಸಾಕು, ಸೋಪನ್ನು ಎಂದಿಗಿಂತ ಒಂದೂವರೆ ಪಟ್ಟು ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಹತ್ತು ಪಾಲು ಉಗುರುಬೆಚ್ಚಗಿನ ನೀರಿಗೆ ಒಂದು ಪಾಲು ಬಿಳಿ ವಿನೆಗರ್ ಬೆರೆಸಿ ಕುಚ್ಚನ್ನು ಐದು ನಿಮಿಷ ಆಡಿಸಿ, ಬೆರಳಿನಿಂದ ಬುಡ ಬಿಡಿಸಿ, ಸಾದಾ ನೀರಿನಲ್ಲಿ ಎರಡು ಸಲ ತೊಳೆಯಬೇಕು. ವಿನೆಗರ್ ಇಲ್ಲದಿದ್ದರೆ ಒಂದು ಲೋಟ ನೀರಿಗೆ ಅರ್ಧ ಚಮಚ ನಿಂಬೆ ಉಪ್ಪು ನಡೆಯುತ್ತದೆ. ಬಟ್ಟೆ ಸೋಡಾ, ಪಾತ್ರೆ ತೊಳೆಯುವ ಪುಡಿ ಇತ್ಯಾದಿ ಕ್ಷಾರಗಳು ಕೂದಲನ್ನೇ ತಿನ್ನುತ್ತವೆ.

ಕರಾವಳಿ, ಮಲೆನಾಡಿನಲ್ಲಿ ನೀರು ಮೆದು, ನೊರೆಗೆ ಕೊರತೆಯಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿಸುವುದೇ ಪಾಡು. ಹಂದಿಗೂದಲು ಬಯಲುಸೀಮೆಯಲ್ಲಿ ಒಂದು ದಿನಕ್ಕೆ ಒಣಗಿದರೆ ಅಲ್ಲಿ ಎರಡು ದಿನವೂ ತೇವ ಇರುತ್ತದೆ. ತೇವ ಉಳಿದ ಬುಡಕ್ಕೆ ಬೂಷ್ಟು ಬರುತ್ತದೆ, ಮುಗ್ಗಲು ವಾಸನೆ ಅದರ ಗುರುತು. ಪ್ರಾಣಿಕೂದಲು ಬಳಸುವವರು ಅಲ್ಲಿ ಎರಡು ಬ್ರಷ್ಷನ್ನು ದಿನ ಬಿಟ್ಟು ದಿನ ಬಳಸಬೇಕು, ಇಲ್ಲವೇ ಮಳೆಗಾಲದ ನಾಲ್ಕು ತಿಂಗಳು ಕೃತಕ ಎಳೆಗೆ ಒಗ್ಗಿಕೊಳ್ಳಬೇಕು. ಬ್ರಷ್ಷನ್ನು ತಲೆಕೆಳಗಾಗಿ ತೂಗುಹಾಕಲೇಬೇಕೆಂದು ಲೇಖನ ಒತ್ತಿ ಹೇಳಿದೆ. ಆದರೆ ಒಣಗಿಸುವುದು ಗಾಳಿ, ತೂಗುಹಾಕುವ ರೀತಿಯಲ್ಲ. ಚೆನ್ನಾಗಿ ಒದರಿ, ಟವೆಲ್ಲಿನ ಮೇಲೆ ನಾಲ್ಕು ಸಲ ಸವರಿ, ಬಚ್ಚಲಿನಿಂದ ಹೊರಗೆ ಗಾಳಿಯಾಡುವ ಕಡೆ ನಿಲ್ಲಿಸಿದರೂ ಸಾಕು. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತೇವದಲ್ಲೇ ತುರುಕುವುದಕ್ಕಿಂತ ಕೆಟ್ಟದ್ದಿಲ್ಲ. ಒಣಗಿದ್ದನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿ ಮರೆತರೂ ಉಣ್ಣೆ ಬಟ್ಟೆ ತಿನ್ನುವ ನುಸಿ ಪ್ರಾಣಿಕೂದಲನ್ನೂ ತಿನ್ನುತ್ತದೆ. ಕೃತಕ ಎಳೆಗೆ ಅದರ ಕಾಟವಿಲ್ಲ.

ಅಳತೆಯ ಬಗ್ಗೆ ಲೇಖನ ಚಕಾರ ಎತ್ತಿಲ್ಲ, ಕೂದಲಿನ ಜಾತಿಯಷ್ಟೇ ಇದೂ ಮುಖ್ಯ. ಹಿಡಿಯಿಂದ ಹೊರಬರುವ ಜಾಗದಲ್ಲಿ ಕುಚ್ಚಿನ ಅಡ್ಡಗಲ, ಅಲ್ಲಿಂದ ತುದಿಯವರೆಗಿನ ಎತ್ತರ, ಈ ಎರಡು ನೋಡಬೇಕು. ಮುಖದ ಮೇಲೆ ಹಚ್ಚುವುದಕ್ಕೆ ಅಡ್ಡಗಲ 22ರಿಂದ 24 ಮಿಲಿಮೀಟರ್ ಸಾಕು. 28 ದಾಟಿದರೆ ಮೂಗಿನ ಕೆಳಗೆ ಹಚ್ಚುವಾಗ ಬಾಯಿಗೂ ಮೂಗಿಗೂ ನೊರೆ. ಎತ್ತರ ಅಡ್ಡಗಲದ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ಬ್ರಷ್ ಬಿಗಿ, ಹೆಚ್ಚಿದ್ದರೆ ಸಡಿಲ. ಹಂದಿಗೂದಲು ಮೊದಲೇ ಗಡುಸು, ಅದಕ್ಕೆ 55ರಿಂದ 60 ಮಿಲಿಮೀಟರ್ ಎತ್ತರ ಬೇಕು. ಬ್ಯಾಡ್ಜರ್, ಕೃತಕ ಎಳೆಗೆ 48ರಿಂದ 53 ಸರಿ. ಅಂಗಡಿಯಲ್ಲಿ ಕುಚ್ಚನ್ನು ಅಂಗೈಗೆ ಒತ್ತಿ ಬಿಡಿ, ಕೂಡಲೇ ನೆಟ್ಟಗಾಗಬೇಕು. ಬುಡವನ್ನು ಎರಡು ಬೆರಳಿನಿಂದ ಹಿಂಡಿ ನೋಡಿ, ಒಳಗೆ ಟೊಳ್ಳೆನಿಸಿದರೆ ಕೂದಲು ಕಡಿಮೆ ಹಾಕಿದ್ದಾರೆ ಎಂದೇ ಅರ್ಥ. ಹೊಸದರಲ್ಲಿ ಹತ್ತಿಪ್ಪತ್ತು ಕೂದಲು ಉದುರುವುದು ಸಹಜ, ತಿಂಗಳಾದರೂ ನಿಲ್ಲದಿದ್ದರೆ ಅಂಗಡಿಗೆ ವಾಪಸ್ ಒಯ್ಯಬಹುದು.

ಅಂಗಡಿಯಲ್ಲಿ ಇನ್ನೊಂದು ತೊಡಕು ಚೀಟಿಯದು. ‘ಪ್ಯೂರ್ ಬ್ರಿಸಲ್’, ‘ನ್ಯಾಚುರಲ್ ಹೇರ್’ ಎಂದಷ್ಟೇ ಅಚ್ಚಾಗಿರುತ್ತದೆ, ಪ್ರಾಣಿಯ ಹೆಸರಿರುವುದಿಲ್ಲ. ವ್ಯಾಪಾರದ ಮಾತಿನಲ್ಲಿ ಬ್ರಿಸಲ್ ಎಂದರೆ ಹಂದಿಯದು. ಹಂದಿಯ ಕೂದಲು ಮುಖಕ್ಕೆ ತಾಗಬಾರದೆನ್ನುವ ಮುಸ್ಲಿಮರೂ ಪ್ರಾಣಿಜನ್ಯ ವಸ್ತುವೇ ಬೇಡವೆನ್ನುವ ಜೈನರೂ ಇದನ್ನು ಅರಿಯದೆ ಕೊಂಡೊಯ್ಯುವಂತಾಗಿದೆ. ತಿನ್ನುವ ಪೊಟ್ಟಣದ ಮೇಲೆ ಹಸಿರು, ಕಂದು ಗುರುತು ಹಾಕಿಸಿದ ನಾಡಿನಲ್ಲಿ ಬ್ರಷ್ಷಿನ ಮೇಲೆ ‘ಹಂದಿಯ ಕೂದಲು’ ಎಂದು ಎರಡು ಪದ ಅಚ್ಚು ಹಾಕಿಸುವುದು ದೊಡ್ಡ ಕೆಲಸವಲ್ಲ. ಪತ್ರಿಕೆ ಈ ವಿಷಯ ಎತ್ತಿಕೊಂಡರೆ ಉಪಕಾರವಾಗುತ್ತದೆ. ಹಂದಿಗೂದಲಿಗೆ ನಡುವೆ ಕಪ್ಪು ಪಟ್ಟಿ ಬಣ್ಣ ಹಚ್ಚಿ ಬ್ಯಾಡ್ಜರ್‌ನಂತೆ ತೋರಿಸುವುದು, ಕೃತಕ ಎಳೆಗೂ ಹಾಗೇ ಮಾಡುವುದು ಸಾಮಾನ್ಯ. ತಯಾರಕರು ಬರೆದು ಮಾರಿದರೆ ಅದು ಅಲಂಕಾರ, ಬರೆಯದೆ ಮಾರಿದರೆ ಮೋಸ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಉದುರಿದ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ಪ್ರಾಣಿಕೂದಲಾದರೆ ಚುರುಚುರು ಎಂದು ಸುಟ್ಟು, ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹೊಸಕಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಕೃತಕವಾದರೆ ಕರಗಿ ಮುದುಡಿ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಪ್ರಾಣಿಕೂದಲೇ ಹೌದೆಂದಾದ ಮೇಲೆ ತುದಿ ನೋಡಿ. ಬೆಳಕಿಗೆ ಹಿಡಿದಾಗ ತುದಿ ಕವಲೊಡೆದಿದ್ದರೆ ಹಂದಿಯದು, ಕವಲಿಲ್ಲದೆ ಸೂಜಿಯಂತೆ ಮುಗಿದಿದ್ದರೆ ಬ್ಯಾಡ್ಜರ್ ಇರಬಹುದು.

ಸಲೂನುಗಳ ಬಗ್ಗೆ ಒಂದು ಮಾತು. ಒಂದೇ ಬ್ರಷ್ ಹತ್ತು ಮುಖಕ್ಕೆ ಹೋಗುವ ಕಡೆ ಪ್ರಾಣಿಕೂದಲು ಇರಲೇಬಾರದು. ಗಡ್ಡದ ಹುಳುಕಡ್ಡಿ, ಕೂದಲ ಬುಡದ ಕೀವುಗುಳ್ಳೆ, ನರುಲಿಯಂಥವು ಹೀಗೆ ದಾಟುತ್ತವೆ. ಸೋಂಕು ಕಳೆಯಲು ಬಳಸುವ ಬ್ಲೀಚ್ ದ್ರಾವಣ ಕೂದಲಿನ ಮೂಲವಸ್ತುವಾದ ಕೆರಾಟಿನ್ ಎಂಬ ಪ್ರೋಟೀನನ್ನೇ ಕರಗಿಸುತ್ತದೆ, ಆದ್ದರಿಂದ ಹಂದಿಗೂದಲಿನ ಬ್ರಷ್ಷನ್ನು ಯಾರೂ ಅದಕ್ಕೆ ಅದ್ದುವುದಿಲ್ಲ, ನೀರಿನಲ್ಲಿ ಅಲ್ಲಾಡಿಸಿ ಮುಂದಿನವರಿಗೆ ಹಚ್ಚುತ್ತಾರೆ. ಪಿಬಿಟಿ ಎಳೆಯ ನಾಲ್ಕೈದು ಬ್ರಷ್ ಇಟ್ಟುಕೊಂಡರೆ ಒಂದು ಬಳಕೆಯಲ್ಲಿರುವಾಗ ಉಳಿದವು ಸೋಂಕುನಿವಾರಕದಲ್ಲಿ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮುಳುಗಿರಬಹುದು. ಮುಳುಗಿಸುವ ಮೊದಲು ಸೋಪನ್ನು ಪೂರ್ತಿ ತೊಳೆಯಬೇಕು, ಸೋಪು ಉಳಿದರೆ ದ್ರಾವಣದ ಬಲ ಕುಗ್ಗುತ್ತದೆ. ಗಿರಾಕಿಗಳು ತಮ್ಮದೇ ಬ್ರಷ್ ಒಯ್ದರೆ ಇನ್ನೂ ವಾಸಿ, ಕ್ಷೌರಿಕರು ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಯದಾಗಿ, ಯಾವ ಕೂದಲಾದರೂ ನೊರೆಯ ಹದ ತಪ್ಪಿದರೆ ದೂರು ಬ್ರಷ್ಷಿಗೇ ಬರುವುದರಿಂದ ಅದನ್ನೂ ಬರೆಯಬೇಕು. ನೆಂದ ಬ್ರಷ್ಷನ್ನು ತೊಟ್ಟಿಕ್ಕುವುದು ನಿಲ್ಲುವವರೆಗೆ ಒದರಿ, ಸೋಪಿನ ಮೇಲೆ 20ರಿಂದ 30 ಸೆಕೆಂಡು ತಿರುಗಿಸಿ. ತುದಿಗೆ ಅಂಟಂಟಾದ ಮುದ್ದೆ ಹಿಡಿದ ಮೇಲೆ ಮುಖಕ್ಕೋ ಬಟ್ಟಲಿಗೋ ತಂದು, ಬೆರಳು ಅದ್ದಿ ನಾಲ್ಕಾರು ಹನಿಯಂತೆ ನೀರು ಸೇರಿಸುತ್ತ ಹೋಗಿ. ಒಟ್ಟು ಎರಡು ಮೂರು ಚಹಾ ಚಮಚ ನೀರು ಹಿಡಿಯುತ್ತದೆ. ನೊರೆ ಹೊಳಪು ಬಂದು, ಗುಳ್ಳೆ ಕಾಣದೆ, ಕಡೆದ ಗಟ್ಟಿ ಮೊಸರಿನ ಹಾಗಾದಾಗ ಹದ ಬಂತು. ಮಂಕಾಗಿ ಬಿರುಕು ಬಿಟ್ಟರೆ ನೀರು ಸಾಲದು, ಗುಳ್ಳೆಯೆದ್ದು ಇಳಿದರೆ ನೀರು ಹೆಚ್ಚು ಅಥವಾ ಸೋಪು ಕಡಿಮೆ. ಬ್ರಷ್ಷಿನ ತುದಿ ಮಾತ್ರ ಮುಖಕ್ಕೆ ತಾಗಲಿ. ಬುಡದವರೆಗೆ ಒತ್ತಿ ಅರೆದರೆ ಕುಚ್ಚಿನ ನಡುವೆ ಕುಳಿ ಬೀಳುತ್ತದೆ, ಸಾವಿರಾರು ರೂಪಾಯಿಯ ಸಿಲ್ವರ್‌ಟಿಪ್ ಆದರೂ ವರ್ಷದೊಳಗೆ ಬೋಳು.

ಹೊಸಬರು ಕೇಳಿದರೆ ಹೇಳುವುದಿಷ್ಟು: ಮೊದಲು 24 ಮಿಲಿಮೀಟರಿನ ಒಂದು ಒಳ್ಳೆಯ ಪಿಬಿಟಿ ಬ್ರಷ್. ಗಟ್ಟಿ ಸೋಪಿನ ರುಚಿ ಹತ್ತಿ, ಬೆಳಿಗ್ಗೆ ಐದು ನಿಮಿಷ ಬಿಡುವೂ ಇದ್ದರೆ ಆಮೇಲೆ ಹಂದಿಗೂದಲು. ಪುರವಣಿಯ ಪಟ್ಟಿಗೆ ತಿದ್ದುಪಡಿ ಹಾಕಲು ಜಾಗ ಕಡಿಮೆಯಿದ್ದರೆ, ಕಾದ ನೀರಿನ ಸಲಹೆಯನ್ನಾದರೂ ಮುಂದಿನ ಭಾನುವಾರ ಹಿಂದಕ್ಕೆ ಪಡೆಯಬೇಕೆಂದು ಕೋರಿಕೆ.

ಇತಿ,
ನಿಮ್ಮ ಪತ್ರಿಕೆಯ ಓದುಗ,
ತುಮಕೂರು